ಮೂಸದೆ ಕಿತ್ತ ಕಳೆ

ಆಂಜಿನಮ್ಮ ಸಸಿಯ ಬುಡಕ್ಕೆ ಕೈಹಾಕಿದ್ದೇ ಸೊಸೆ ಗಂಗಲಕ್ಷ್ಮಿ ಕಳೆ ಕೀಳುತ್ತಿದ್ದ ಕುಡುಗೋಲು ಹಿಡಿದೇ ಓಡಿಬಂದಳು. ಹೂ ಬಿಡುವ ಮುಂಚೆ ಸೇವಂತಿಗೆಗೂ ಪಾರ್ಥೇನಿಯಂಗೂ ಎಲೆ ಹೆಚ್ಚುಕಮ್ಮಿ ಒಂದೇ. ಕಣ್ಣಿಗೆ ಪೊರೆ ಬಂದ ಮೇಲೆ ಅತ್ತೆ ಎಲೆ ಹಿಸುಕಿ, ಮೂಸಿ ಕಳೆ ಕೀಳುತ್ತಿದ್ದಳು. ನೆಗಡಿಯಾದ ದಿನ ಅರ್ಧ ಸಾಲು ಸೇವಂತಿಗೆಯನ್ನೇ ಕಿತ್ತಿದ್ದಳು. ಅಂದೇ ಸೊಸೆ ಅವಳನ್ನು ಬದುವಿನ ಮೇಲೆ ಕೂರಿಸಿದ್ದಳು. ಮಧುಗಿರಿಯಲ್ಲಿ ಪೊರೆ ತೆಗೆಸಿಕೊಂಡವಳು ಇವತ್ತೇ ಮತ್ತೆ ಸಾಲಿಗಿಳಿದದ್ದು.

“ಅತ್ತೆಮ್ಮ, ಒಂದ್ಕಿತ ಮೂಸು. ಅದು ನಾನೇ ನೆಟ್ಟಿರೋ ಸೇವಂತಿಗೆ.”

ಆಂಜಿನಮ್ಮನ ಕೈ ಮೂಗಿನತ್ತ ಹೋಗಲಿಲ್ಲ. ಬಗ್ಗಿ, ಎಲೆಯ ಮೇಲಿನ ಬಿಳಿ ನವಿರನ್ನು ಕಣ್ತುಂಬ ನೋಡಿದಳು. ಬೇರುಸಮೇತ ಕಿತ್ತು ಸೊಸೆಯ ಮೂಗಿಗೆ ಹಿಡಿದಳು.

“ನೀನೇ ಮೂಸು.”

ಸೇವಂತಿಗೆಯ ಘಮವೇ ಇಲ್ಲ. “ಅಯ್ಯೋ, ಪಾರ್ಥೇನಿಯಂ! ಇದುಕ್ಕೆ ಗೊಬ್ರ ಬೇರೆ ಹಾಕಿದ್ನಲ್ಲ!”

ಆಂಜಿನಮ್ಮ ಅವಳ ಕೈಯಿಂದ ಕುಡುಗೋಲು ಕಿತ್ತುಕೊಂಡಳು.

“ಓಗು, ಬದಿನ್ ಮ್ಯಾಲೆ ಕುಂತ್ಕ.”