ಕೆಂಪಾಗದ ತಳಿ

ಚೆನ್ನಾಜಮ್ಮ ಏಳು ವರ್ಷ ಕುಂಚದಲ್ಲಿ ಪರಾಗ ಸವರಿ ರೂಪಿಸಿದ ಬಳ್ಳಿ ಜಿರೇನಿಯಂಗೆ ನರ್ಸರಿಯ ಯಜಮಾನರು ತಮ್ಮ ಹೆಸರಿಟ್ಟುಕೊಂಡರು. ಎದುರಿಗೆ ಯಾರಾದರೂ ಸುಳ್ಳು ಹೇಳಿದರೆ ಅದರ ಬಿಳಿ ಹೂ ಕೆಂಪಾಗುತ್ತದೆ. ಈಗ ಮನೆಮನೆಯ ಬಾಗಿಲಲ್ಲೂ ಅದರ ಕುಂಡ ತೂಗುತ್ತದೆ. ಜನ ಮಾತಾಡುವವರ ಮುಖ ಬಿಟ್ಟು ಹೂವನ್ನೇ ನೋಡುತ್ತಾರೆ.

ಮ್ಯಾನೇಜರ್ ನಂಜರಾಜು ನಗುತ್ತ ಬಂದಾಗ ಚೆನ್ನಾಜಮ್ಮನೂ ಹೂವನ್ನೇ ನೋಡಿದಳು.

“ಯಜಮಾನ್ರಿಗೆ ತಾವು ಏನಂದ್ರೂ ಕೆಂಪಾಗ್ದೆ ಇರೋ ತಳಿ ಬೇಕಂತೆ ಕಣಮ್ಮ. ಅದಕ್ಕೆ ನಿನ್ ಹೆಸರೇ ಇಡ್ತಾರೆ.”

ಹೂ ಕೆಂಪಾಯಿತು.

“ಪಾಪ, ನಿಮ್ ಮುಖ ಕೆಂಪಾಗ್ಬೇಕಿತ್ತು,” ಎಂದಳು.

“ಅದಿರ್ಲಿ. ಆ ತಳಿ ನಿನ್ ಕೈಲಾಗ್ತದೋ ಇಲ್ವೋ?”

ಹೂ ಮತ್ತೆ ಬೆಳ್ಳಗಾಗುವವರೆಗೂ ಚೆನ್ನಾಜಮ್ಮ ಕಾದಳು.

“ಆಗ್ತದೆ ಸಾರ್. ಆದ್ರೆ ಮಾಡಕ್ಕಿಲ್ಲ.”

ಕುಂಚವನ್ನು ತುರುಬಿಗೆ ಸಿಕ್ಕಿಸಿಕೊಂಡಳು. ಹೂ ಬೆಳ್ಳಗೇ ಇತ್ತು.