ಮನೆಗೆ ಯಾರೋ ಬಂದಿದ್ದಾರೆ

ಮೀಟಿಂಗಿನ ನಡುವೆ ಅಭಿಜೀತನ ಫೋನು ಮತ್ತೆ ಗುರ್ ಎಂದಿತು. ‘ಮನೆಗೆ ಯಾರೋ ಬಂದಿದ್ದಾರೆ. ಬಾಗಿಲು ತೆರೆದಿದೆ.’

ನಿನ್ನೆಯೂ ಬಂದಿದ್ದರು. ಮೊನ್ನೆಯೂ. ಅವನೂ ಹೆಂಡತಿ ಸಾಕ್ಷಿಯೂ ಕೆಲಸಕ್ಕೆ ಹೊರಟ ಮೇಲೆ ಗಲ್ಫಿನ ಬನಿಯಾಸಿನ ಆ ಫ್ಲ್ಯಾಟಿನಲ್ಲಿ ಉಳಿಯುವವಳು ಅತ್ತೆ ರುದ್ರವ್ವ ಒಬ್ಬಳೇ. ಮಗಳ ಬಾಣಂತನಕ್ಕೆಂದು ಗಜೇಂದ್ರಗಡದಿಂದ ಬಂದವಳು. ಮಗಳಿಗೆ ದಿನ ತುಂಬುತ್ತ ಬಂದಿತ್ತು. ಅಳಿಯನ ಸಹನೆ ಅದಕ್ಕೂ ಮೊದಲೇ ಮುಗಿದಿತ್ತು.

ಗುಂಡಿ ಒತ್ತಿ ದೀಪ ಹಚ್ಚುವುದು ಆ ಮನೆಯಲ್ಲಿ ಹಳ್ಳಿಗಮಾರರ ಲಕ್ಷಣ. ದೇರಾದಲ್ಲಿ ಭಟ್ಕಳದ ಶಫಿಯ ಅಂಗಡಿಯಿಂದ ಅಭಿಜೀತ ಒಂದು ಯಂತ್ರ ತಂದಿದ್ದ. ನೋಡಲು ಡಬ್ಬಿಯ ಮುಚ್ಚಳದಷ್ಟು. ಬೀಗ, ದೀಪ, ಎಸಿ ಎಲ್ಲ ಅದರ ಹುಕುಮಿನಲ್ಲಿ. “ಮಂತ್ರ ಏನೂ ಕಲೀಬೇಕಿಲ್ಲ ಭಾಯ್. ಬರೋದೋ ಹೋಗೋದೋ, ಬಾಯಲ್ಲಿ ಹೇಳಿದ್ರೆ ಖಲಾಸ್. ಇಂಗ್ಲಿಷ್, ಅರಬಿ, ಕನ್ನಡ, ಎಲ್ಲ ತಿಳೀತದೆ,” ಎಂದಿದ್ದ ಶಫಿ. ಜೋಡಿಸಲು ಬಂದವನು ಮನೆಯ ಮೂವರ ದನಿಯನ್ನೂ ಅದಕ್ಕೆ ಕಲಿಸಿ ಹೋಗಿದ್ದ.

ಯಂತ್ರದ ಜೊತೆ ಕನ್ನಡ ಮಾತಾಡುವ ಮಟ್ಟಕ್ಕೆ ಅಭಿಜೀತ ಇಳಿದಿರಲಿಲ್ಲ. ಬೆಳಿಗ್ಗೆ ಹೊಸ್ತಿಲ ಹೊರಗೆ ನಿಂತು, ಗಂಟಲು ಸರಿಪಡಿಸಿಕೊಂಡು, ‘ಐ ಆ್ಯಮ್ ಲೀವಿಂಗ್’ ಎನ್ನುತ್ತಿದ್ದ. ದೀಪ, ಎಸಿ ಆರಿ ಬೀಗ ಬೀಳುತ್ತಿತ್ತು. ಒಳಗೆ ಕೂತ ಅತ್ತೆ ಯಂತ್ರದ ಲೆಕ್ಕದಲ್ಲಿರಲಿಲ್ಲ. ಅಳಿಯನ ಲೆಕ್ಕದಲ್ಲೂ ಇರಲಿಲ್ಲ ಬಿಡಿ.

ಯಂತ್ರದ ಸೊಕ್ಕೇನು ಕಡಿಮೆಯೇ? ವೈಫೈ ಕೈಕೊಟ್ಟ ದಿನ ಬಚ್ಚಲಿನಲ್ಲಿ ದೀಪವೇ ಹತ್ತಲಿಲ್ಲ. ಇಂಜಿನಿಯರ್ ಸಾಹೇಬರು ಮುಖಕ್ಕೆ ಸೋಪು ಹಚ್ಚಿಕೊಂಡು ಕತ್ತಲಲ್ಲಿ ಪಾಸ್‌ವರ್ಡ್ ಒತ್ತುತ್ತ ನಿಂತಿದ್ದರು. ಬಾಗಿಲಿಗೆ ಕ್ಯಾಮೆರಾ ಇತ್ತು, ಅದು ಕಂಡದ್ದನ್ನು ತಾನು ಕಾಣಬೇಕಾದರೆ ಪ್ರತಿ ತಿಂಗಳು ಕಟ್ಟಬೇಕಿದ್ದ ಚಂದಾವನ್ನು ಅಭಿಜೀತ ಕಟ್ಟಿರಲಿಲ್ಲ. ಇಷ್ಟಾದರೂ ಅಭಿಜೀತ ಬೈದದ್ದು ಯಂತ್ರವನ್ನಲ್ಲ. “ನಿಮ್ಮವ್ವ ಏನರ ಮುಟ್ಟಿರ್ತಾಳ” ಎಂದು ಹೆಂಡತಿಯ ಮೇಲೆ ಹರಿಹಾಯುತ್ತಿದ್ದ.

ಅಂದು ಮೀಟಿಂಗು ಬಿಟ್ಟು ಮನೆಗೆ ಧಾವಿಸಿದ. ಬಾಗಿಲು ಅರ್ಧ ತೆರೆದೇ ಇತ್ತು. ಹಾಡುಹಗಲೇ ಎಲ್ಲ ದೀಪಗಳೂ ಉರಿಯುತ್ತಿದ್ದವು. ಒಳಗೆ ಮೈ ನಡುಗುವಷ್ಟು ಚಳಿ. ಒಂದು ನರಪಿಳ್ಳೆಯೂ ಇಲ್ಲ.

ಸ್ವಲ್ಪ ಹೊತ್ತಿಗೆ ರುದ್ರವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಮೆಟ್ಟಿಲು ಹತ್ತಿ ಬಂದಳು. ಕೆಳಗಿನ ಮಹಡಿಯ ಬೀಫಾತಿಮಳ ಮೊಮ್ಮಗುವಿಗೆ ಎಣ್ಣೆ ತಿಕ್ಕಿ ನೀರು ಹಾಕುವುದು ಅವಳ ದಿನದ ಕೆಲಸ. ಬಾಣಂತಿ ಫಾಯಿಝಾಳಿಗೆ ಕೂಸನ್ನು ಮುಟ್ಟಲೇ ಭಯವಂತೆ.

“ಯಾರು ಬಂದಿದ್ರು?”

“ಯಾರೂ ಬಂದಿಲ್ಲರಿ.”

ಅಭಿಜೀತ ಫೋನನ್ನು ಅವಳ ಮೂಗಿನ ಮುಂದೆ ಹಿಡಿದ. “ಇದು ಸುಳ್ಳು ಹೇಳೂದಿಲ್ಲ. ಕೇಳಿದ್ದನ್ನಷ್ಟ ಹೇಳ್ತದ.”

ರುದ್ರವ್ವ ತನಗೆ ಗೊತ್ತಿದ್ದುದನ್ನು ಹೇಳಿದಳು. ಬಾಗಿಲು ಎಳೆದುಕೊಂಡು, ಒಳಗಿದ್ದ ಬನಶಂಕರಿಯ ಪಟಕ್ಕೆ ಹೊರಗಿನಿಂದಲೇ ಕೈಮುಗಿದು ಹೊರಡುವ ಮಾತು ಹೇಳಿದ ಮೇಲೆ, ಬೀಗ ಟಿಕ್ ಅಂದದ್ದನ್ನು ಕಿವಿಯಾರೆ ಕೇಳಿಯೇ ಕೆಳಗಿಳಿದಿದ್ದಳು. ದಿನಾ ಹಾಗೇ. ದೇವರಿಗೆ ಹೇಳುವ ಬದಲು ಬೀಗವನ್ನೊಮ್ಮೆ ಎಳೆದು ನೋಡಬಾರದೇ ಎಂದು ಅಳಿಯ ಹಂಗಿಸಿದ.

“ಮತ್ತ ಈ ಎಸಿ?”

ರುದ್ರವ್ವ ತಲೆ ತಗ್ಗಿಸಿದಳು. “ಅದನ್ನ ನೀವೇ ಆಫೀಸಿನಿಂದ ನನ್ನ ಸಲುವಾಗಿ ಹಚ್ಚತೀರಿ ಅಂತ ತಿಳಕೊಂಡಿದ್ದೆರಿ. ಬೀಫಾತಿಮಾಗೂ ಹಂಗ ಹೇಳೇನಿ.”

ಅಭಿಜೀತ ನಕ್ಕ. ತಾನು ಅಂಥದ್ದು ಮಾಡುವವನೆಂದು ಯಾರಾದರೂ ನಂಬಿದ್ದೇ ಅವನಿಗೆ ತಮಾಷೆಯಾಗಿ ಕಂಡಿತು.

ಸಂಜೆ ತೀರ್ಪು ಹೊರಬಿತ್ತು. ಅತ್ತೆ ಊರಿಗೆ. ಸಾಕ್ಷಿ ಹೊಟ್ಟೆ ಹಿಡಿದುಕೊಂಡು ಬೇಡಿದಳು: ಹೆರಿಗೆ ಆಗುವವರೆಗಾದರೂ ಅವ್ವ ಇರಲಿ, ನನಗೆ ಹೆದರಿಕೆಯಾಗುತ್ತದೆ. ಬಾಗಿಲು ಕಾಯಲು ಬಾರದವಳು ಕೂಸು ಕಾಯುತ್ತಾಳೆಯೇ ಎಂದ ಅಭಿಜೀತ. ಹಾಕಿಯೂ ಹಾಕದ ಬಾಗಿಲು, ಬಂದೂ ಬಾರದ ಜನ. ನಾಳೆ ನನ್ನ ಮಗುವನ್ನೇ ಯಾರಾದರೂ ಎತ್ತಿಕೊಂಡು ಹೋದರೆ? ಆಯಾಗಳು ಆ್ಯಪಿನಲ್ಲೇ ಸಿಗುತ್ತಾರೆ, ಎಷ್ಟು ಸ್ಟಾರ್ ಅಂತ ನೋಡಿಕೊಂಡೇ ಕರೆಸಬಹುದು. ಸಾಕ್ಷಿ ಅತ್ತಳು. ರುದ್ರವ್ವ ಅಳಲಿಲ್ಲ, ವಾದಿಸಲೂ ಇಲ್ಲ. ತನಗೇ ಮರೆವು ಹತ್ತಿರಬೇಕು ಎಂದುಕೊಂಡಳು ಪಾಪ.

ಹೊರಡುವ ದಿನ ಅಂಟಿನ ಉಂಡಿಯ ಡಬ್ಬಿಯನ್ನೂ, ಕೂಸಿಗೆಂದು ಹರಿದು ಮಡಿಸಿಟ್ಟಿದ್ದ ಹಳೆ ಸೀರೆಯ ಮೆತ್ತನೆ ಬಟ್ಟೆಗಳನ್ನೂ ಮಗಳ ಕೈಗಿಟ್ಟು ನೆಟಿಗೆ ಮುರಿದಳು. ಬಟ್ಟೆಗಳನ್ನು ನೋಡಿ ಅಭಿಜೀತ ಮೂಗು ಮುರಿದ.

ಮೂವರೂ ಹೊರಗೆ ಬಂದರು. ‘ಐ ಆ್ಯಮ್ ಲೀವಿಂಗ್’ ಎಂದ ಅಭಿಜೀತ. ದೀಪಗಳು ಆರಿದವು, ಬೀಗ ಬಿತ್ತು.

“ಬಾಗಿಲು ಹಾಕೂದಂದ್ರ ಹಿಂಗ. ನೋಡಿ ಕಲೀರಿ,” ಎಂದು ಸೂಟ್‌ಕೇಸು ಎಳೆದುಕೊಂಡು ಲಿಫ್ಟಿನ ಕಡೆ ನಡೆದ.

ಆ ಮನೆಗೆ ಇನ್ನು ತನ್ನನ್ನು ಯಾರೂ ಕರೆಯುವುದಿಲ್ಲವೆಂದು ರುದ್ರವ್ವನಿಗೆ ಗೊತ್ತಿತ್ತು. ಆದರೂ ಮುಚ್ಚಿದ ಬಾಗಿಲಿನತ್ತ ತಿರುಗಿ, ಒಳಗಿದ್ದ ಬನಶಂಕರಿಗೆ ಕೈಮುಗಿದಳು. ಹೊರಡುವಾಗ ದಿನಾ ಹೇಳುತ್ತಿದ್ದುದನ್ನೇ ಹೇಳಿದಳು.

“ಬರ್ತೀನವಾ, ತಾಯಿ.”

ಟಿಕ್ ಎಂದು ಬಾಗಿಲು ತೆರೆದುಕೊಂಡಿತು, ದೀಪಗಳೆಲ್ಲ ಒಮ್ಮೆಗೇ ಹತ್ತಿದವು, ಲಿಫ್ಟಿನ ಬಳಿ ಅಭಿಜೀತನ ಜೇಬಿನಲ್ಲಿ ಫೋನು ಗುರ್ ಎಂದಿತು: ‘ಮನೆಗೆ ಯಾರೋ ಬಂದಿದ್ದಾರೆ.’