ಎರಡನೆಯ ಕೂಸು

"ಹುಟ್ಟಿದಾಗ ಅತ್ತನೇನ್ರಿ?"

ಡಾಕ್ಟರ್ ಶುಭದಾ ಕೇಳಿದ್ದು ತುಳಸೀಬಾಯಿಯನ್ನು. ಉತ್ತರ ಕೊಟ್ಟವನು ಮಗ ಸತ್ಯಬೋಧ.

"ಎಲ್ಲೀದ್ರಿ! ಜೋಡಿ ಹೆರಿಗಿ. ಮೊದಲ ನಾ ಬಂದೆ, ಸಲೀಸಾಗಿ, ಅಳಕೋತ. ಆಮ್ಯಾಲೆ ಇಂವ ಬಂದ. ಉಸಿರಽ ಇಲ್ಲ, ಮೈಯೆಲ್ಲಾ ನೀಲಿ."

ಇಂವ ಎಂದರೆ ಪಕ್ಕದಲ್ಲಿ ಕೂತಿದ್ದ ಶಿರೀಷ. ಇಬ್ಬರಿಗೂ ನಲವತ್ತೊಂದು. ಸತ್ಯಬೋಧ ಗುಳೇದಗುಡ್ಡದಲ್ಲಿ ಹೆಡ್ ಮಾಸ್ತರ. ಶಿರೀಷನಿಗೆ ಇಪ್ಪತ್ತೆರಡರಲ್ಲಿ ಸ್ಕಿಜೋಫ್ರೇನಿಯಾ ಬಂತು. ಗುಳಿಗೆ ನುಂಗಿ ನುಂಗಿ ಕಿವಿಯೊಳಗಿನ ದನಿಗಳು ನಿಂತಿವೆ. ಆದರೆ ಸಂತೆಗೆ ಕಳಿಸಿದರೆ ನಾಲ್ಕರಲ್ಲಿ ಎರಡು ಸಾಮಾನು ಮರೆತು ಬರುತ್ತಾನೆ. ಹೆರಿಗೆಯಲ್ಲಿ ತೊಂದರೆಯಾದವರಿಗೆ ಮುಂದೆ ಇಂಥ ಕಾಯಿಲೆ ಬಂದರೆ ನೆನಪು, ಗಮನ ಇನ್ನಷ್ಟು ಕುಗ್ಗುತ್ತವೆಯೇ ಎಂದು ಬಾಗಲಕೋಟೆಯ ಈ ದವಾಖಾನೆಯಲ್ಲಿ ಅಧ್ಯಯನ ನಡೆದಿತ್ತು.

ತುಳಸೀಬಾಯಿಗೆ ಅಧ್ಯಯನ ಬೇಕಿರಲಿಲ್ಲ. ಹೆರಿಗೆ ನೋವು ಶುರುವಾದಾಗ ಅತ್ತೆ ದವಾಖಾನೆಗೆ ಹೋಗೋಣ ಎಂದಿದ್ದರು. "ಬ್ಯಾಡ್ರಿ, ಮನ್ಯಾಗಽ ಆಗ್ಲಿ" ಎಂದು ಹಟ ಹಿಡಿದವಳು ಇವಳೇ. ಮೊದಲನೆಯದರ ಹೊತ್ತಿಗೇ ಎಚ್ಚರ ತಪ್ಪಿತು. ಕಣ್ಣು ಬಿಟ್ಟಾಗ ಮಗ್ಗುಲಲ್ಲಿ ಎರಡು ಕೂಸು, ಎರಡೂ ಗಂಟಲು ಹರಿದುಕೊಳ್ಳುತ್ತಿದ್ದವು. ಎರಡನೆಯದು ಉಸಿರಿಲ್ಲದೆ ನೀಲಿಯಾಗಿ ಬಂತು ಎಂದಷ್ಟೇ ಸೂಲಗಿತ್ತಿ ಹೇಳಿದ್ದಳು; ಯಾವುದು ಮೊದಲು, ಯಾವುದು ಆಮೇಲೆ ಎಂದು ಆಗ ಯಾರೂ ಕೇಳಲಿಲ್ಲ. ಶಿರೀಷನಿಗೆ ಕಾಯಿಲೆ ಬಂದಾಗ ಅತ್ತೆಯೇ ತೀರ್ಪು ಕೊಟ್ಟರು: "ಉಸಿರುಗಟ್ಟಿದ ಕೂಸು ಇದಽ. ನಿನ್ನ ಹಟಾ ಇದನ್ನ ತಿಂತು."

ಹತ್ತೊಂಬತ್ತು ವರ್ಷದಿಂದ ಪ್ರಾಯಶ್ಚಿತ್ತ ನಡೆದಿದೆ. ಶಿರೀಷನ ಅನ್ನಕ್ಕೆ ಎರಡು ಚಮಚ ತುಪ್ಪ, ಸತ್ಯಬೋಧನಿಗೆ ಒಂದು. ಹೆಡ್ ಮಾಸ್ತರನಾದ ಮೇಲೂ ಒಂದೇ.

ಡಾಕ್ಟರ್ ಹತ್ತು ಪದ ಓದಿ, ಮತ್ತೆ ಹೇಳಲು ಕೇಳಿದರು. ಶಿರೀಷ ಯೋಚಿಸಿ ಯೋಚಿಸಿ ನಾಲ್ಕು ಹೇಳಿದ. ಹೋಲಿಸಿ ನೋಡಲು ಸತ್ಯಬೋಧನನ್ನೂ ಕೇಳಿದರು. ಅವನು ಹನ್ನೊಂದು ಹೇಳಿದ.

"ಹತ್ತಽ ಇದ್ವಲ್ರಿ ಸರ್?"

"ಇರ್ಲಿ ಅಂತ ನಂದೊಂದು ಸೇರಿಸೇನ್ರಿ. ನೋಡ್ರಿ, ಸುಸೂತ್ರ ಹುಟ್ಟಿದ ತಲಿ ಹಿಂಗಿರ್ತದ!"

ತುಳಸೀಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅವ್ವಾರ, ಹೆರಿಗಿ ತ್ರಾಸಾದ ಎಲ್ಲಾರಿಗೂ ಈ ಬ್ಯಾನಿ ಬರೂದಿಲ್ರಿ," ಎಂದರು ಡಾಕ್ಟರ್. "ಬಂದಾವ್ರಿಗೂ ಅದಽ ಕಾರಣ ಅಂತ ಹೇಳಲಿಕ್ಕೆ ಆಗೂದಿಲ್ಲ."

ಅವಳು ತಲೆಯಾಡಿಸಿದಳು. ನಂಬಲಿಲ್ಲ.

"ಆಗ ಕೂಸು ಹಿಡದಾವ್ರು ಯಾರರ ಇದ್ದಾರೇನ್ರಿ?"

ಈ ಪ್ರಶ್ನೆಗೇ ಸತ್ಯಬೋಧ ಕಾದಿದ್ದ. ಪುರಾವೆ ಇಲ್ಲದೆ ಮಾತಾಡುವ ಮನುಷ್ಯನಲ್ಲ ಅವನು. ಆ ಹೆರಿಗೆಯಾದ ವರ್ಷವೇ ಊರು ಬಿಟ್ಟು ಶಿರೂರಿನ ಮಗಳ ಮನೆ ಸೇರಿದ್ದ ಸೂಲಗಿತ್ತಿ ಜೈನಬಿಯನ್ನು ಹುಡುಕಿ, ರಿಕ್ಷಾದಲ್ಲಿ ಕೂರಿಸಿಕೊಂಡು ಬಂದಿದ್ದ. ಎಂಬತ್ತು ದಾಟಿದ ಮುದುಕಿ ಹೊರಗಿನ ಬೆಂಚಿನಿಂದ ಎದ್ದು ಒಳಗೆ ಬಂದಳು.

"ಹೇಳು ಜೈನಬಿ, ನೀಲಿ ಆಗಿ ಹುಟ್ಟಿದಾಂವ ಯಾರು? ಇವರ ಮುಂದ ಹೇಳು."

ಜೈನಬಿ ಇಬ್ಬರ ಮುಖವನ್ನೂ ಮಿಕಿಮಿಕಿ ನೋಡಿದಳು.

"ಮಾರಿ ನೋಡಿ ಹ್ಯಾಂಗ ಹೇಳ್ಲಿ? ಆಗ ಮೀಸಿ ಇರಲಿಲ್ಲ."

"ನೆನಪಿಲ್ಲೇನು ಹಂಗಾರ?"

"ಯಾಕಿಲ್ಲ? ಆ ಕೂಸು ಕಾಲು ಮುಂದ ಮಾಡಿ ಬಂತು. ಕಾಲು ಹಿಡದು ಎಳದಾಕಿ ನಾ. ಎಡಗಾಲಾಗ ಆರು ಬೆರಳು. ಖರೇನೋ ಸುಳ್ಳೋ ಅಂತ ಎರಡು ಸರ್ತಿ ಎಣಿಸೇನಿ."

ತುಳಸೀಬಾಯಿ ಬಾಯಿಗೆ ಸೆರಗು ಒತ್ತಿಕೊಂಡಳು. ಶಿರೀಷ ಅಂದು ಮೊದಲ ಸಲ ನಕ್ಕ, ಹೊಟ್ಟೆ ಹಿಡಿದುಕೊಂಡು ನಕ್ಕ.

ಸತ್ಯಬೋಧ ಎಡಗಾಲನ್ನು ಮೆಲ್ಲಗೆ ಕುರ್ಚಿಯ ಕೆಳಗೆ ಎಳೆದುಕೊಂಡ.